ಉದ್ಯೋಗ, ಸಂಘದ ಹೊಣೆ, ಸ್ವಂತ ಕಲಿಕೆ: ಮೂರನ್ನೂ ಒಂದೇ ವಾರದಲ್ಲಿ ನಡೆಸಿಕೊಂಡು ಹೋಗುವ ಕ್ರಮ

ಉದ್ಯೋಗದ ಜೊತೆಗೆ ಒಂದು ಸಂಘದ ಅಥವಾ ಸಮಿತಿಯ ಜವಾಬ್ದಾರಿ ಹೊತ್ತು, ಅದರ ನಡುವೆಯೇ ಹೊಸದೇನನ್ನಾದರೂ ಕಲಿಯಬೇಕೆಂದು ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ಚೆಂದದ ವೇಳಾಪಟ್ಟಿ ಬರೆದು, ಬೆಳಗ್ಗೆ ಕಲಿಕೆ, ಹಗಲು ಕಚೇರಿ, ಸಂಜೆ ಸಂಘ ಎಂದು ಹಂಚಿಕೊಳ್ಳುತ್ತಾರೆ. ಮೂರನೆಯ ವಾರದ ಹೊತ್ತಿಗೆ ಕಲಿಕೆ ನಿಂತಿರುತ್ತದೆ, ಆರನೆಯ ವಾರದ ಹೊತ್ತಿಗೆ ನಿದ್ದೆ ಕಡಿಮೆಯಾಗಿರುತ್ತದೆ, ಆಮೇಲೆ ಸಂಘದ ಲೆಕ್ಕದಲ್ಲೋ ಕಚೇರಿಯ ಕಡತದಲ್ಲೋ ತಪ್ಪುಗಳು ಕಾಣಿಸಿಕೊಳ್ಳತೊಡಗುತ್ತವೆ. ತಮಗೆ ಶಿಸ್ತು ಸಾಲದೆಂದು ತಮ್ಮನ್ನೇ ಹಳಿದುಕೊಂಡು ಮತ್ತೊಂದು ವೇಳಾಪಟ್ಟಿ ಬರೆಯುತ್ತಾರೆ. ನಾನೂ ಹಾಗೆ ಮೂರು ಬಾರಿ ಬರೆದಿದ್ದೇನೆ. ದೋಷ ಇದ್ದದ್ದು ಹೆಜ್ಜೆಗಳ ಕ್ರಮದಲ್ಲಿ ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು.

ಈ ಮೂರರ ಸ್ವಭಾವ ಬೇರೆ ಬೇರೆ. ಉದ್ಯೋಗದಲ್ಲಿ ಕೆಲಸ ಕೇಳುವ ಮೇಲಧಿಕಾರಿಯೂ ಇರುತ್ತಾರೆ, ಕೆಲಸ ಮುಗಿಯುವ ಹೊತ್ತೂ ಇರುತ್ತದೆ. ಸಂಘದಲ್ಲಿ ಕೇಳುವವರು ಹತ್ತಾರು ಮಂದಿ, ಆದರೆ ಬಾಗಿಲು ಹಾಕುವ ಹೊತ್ತೆಂಬುದು ಇರುವುದಿಲ್ಲ. ಸ್ವಂತ ಕಲಿಕೆಯನ್ನಂತೂ ಕೇಳುವವರೇ ಇಲ್ಲ. ಇವತ್ತು ಏಕೆ ಓದಲಿಲ್ಲ ಎಂದು ಯಾರೂ ಫೋನ್ ಮಾಡುವುದಿಲ್ಲ. ಹೀಗಿರುವಾಗ ಸಮನಾಗಿ ಹಂಚಿದ ಸಮಯ ಕೆಲವೇ ದಿನಗಳಲ್ಲಿ ಕೇಳುವವರ ಕಡೆಗೆ ಹರಿದುಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಅಳತೆ, ನಂತರ ಕಲಿಕೆಗೆ ಜಾಗ, ಅದಾದ ಮೇಲೆ ಮಾತ್ರ ಸಂಘದ ಹೊಣೆ ಎಂಬ ಕ್ರಮವನ್ನು ಇಟ್ಟಿದ್ದೇನೆ. ಈಗಾಗಲೇ ಹೊಣೆ ಹೊತ್ತಿರುವವರೂ ಮೊದಲ ಹಂತದಿಂದಲೇ ಆರಂಭಿಸಬೇಕು, ಏಕೆಂದರೆ ಅಳತೆಯಿಲ್ಲದೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ಆರಂಭಕ್ಕೆ ಮುನ್ನ ಬೇಕಾಗುವವು

ಕಿಸೆಯಲ್ಲಿ ಹಿಡಿಸುವ ಒಂದು ನೋಟ್‌ಬುಕ್, ಮೂರು ತಿಂಗಳನ್ನು ಒಟ್ಟಿಗೆ ತೋರಿಸುವ ಒಂದು ಕ್ಯಾಲೆಂಡರ್, ಮತ್ತು ನಿಮ್ಮ ನೇಮಕಾತಿ ಪತ್ರ ಅಥವಾ ಸೇವಾ ನಿಯಮಗಳ ಪ್ರತಿ ಸಾಕು. ಸಂಘಕ್ಕೆ ಲಿಖಿತ ನಿಯಮಾವಳಿ ಇದ್ದರೆ ಅದರ ಪ್ರತಿಯನ್ನೂ ಪಡೆದುಕೊಳ್ಳಿ. ಸಮಯ ನಿರ್ವಹಣೆಯ ಆ್ಯಪ್‌ಗಳನ್ನು ಈಗಲೇ ಹಾಕಿಕೊಳ್ಳಬೇಡಿ. ಆ್ಯಪ್ ಹೊಂದಿಸುವುದೇ ಒಂದು ಕೆಲಸವಾಗಿ ಮೊದಲ ವಾರವನ್ನು ನುಂಗುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ.

ಇನ್ನೊಂದು ಮುಖ್ಯ ಅಗತ್ಯವೆಂದರೆ ಮನೆಯವರೊಡನೆ ಒಂದು ಮಾತುಕತೆ. ನೀವು ಹೊರಗೆ ಕೊಡುವ ಪ್ರತಿಯೊಂದು ಗಂಟೆಯ ಒಂದು ಭಾಗ ಅವರ ಪಾಲಿನದು. ಲೆಕ್ಕ ಹಾಕುವಾಗ ಅವರೂ ಪಕ್ಕದಲ್ಲಿ ಕುಳಿತಿರಲಿ.

ಹಂತ 1: ಎರಡು ವಾರ ಏನನ್ನೂ ಬದಲಿಸದೆ ಬರೆದಿಡಿ

ಹದಿನಾಲ್ಕು ದಿನ ನಿಮ್ಮ ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ಮಾತ್ರ ಬರೆಯಿರಿ. ರಾತ್ರಿ ಒಂದೇ ಬಾರಿಗೆ ನೆನಪಿನಿಂದ ಬರೆಯಲು ಹೋದರೆ ಸಣ್ಣ ಸಣ್ಣ ತುಂಡುಗಳೆಲ್ಲ ಬಿಟ್ಟುಹೋಗುತ್ತವೆ, ಮತ್ತು ಸಂಘದ ಕೆಲಸ ಇರುವುದೇ ಆ ತುಂಡುಗಳಲ್ಲಿ. ಆದ್ದರಿಂದ ದಿನಕ್ಕೆ ನಾಲ್ಕು ಬಾರಿ, ಅಂದರೆ ಬೆಳಗಿನ ಕೆಲಸ ಆರಂಭಿಸುವಾಗ, ಮಧ್ಯಾಹ್ನದ ಊಟಕ್ಕೆ, ಮನೆಗೆ ಬಂದಾಗ ಮತ್ತು ಮಲಗುವ ಮುನ್ನ, ಎರಡೆರಡು ನಿಮಿಷ ಕೊಡಿ. ಉದ್ಯೋಗಕ್ಕೆ ‘ಉ’, ಸಂಘಕ್ಕೆ ‘ಸ’, ಕಲಿಕೆಗೆ ‘ಕ’, ಮನೆಗೆ ‘ಮ’ ಎಂದು ಗುರುತು ಹಾಕಿಕೊಂಡರೆ ಆಮೇಲೆ ಕೂಡುವುದು ಸುಲಭ.

ನನ್ನ ನೋಟ್‌ಬುಕ್ಕಿನ ಒಂದು ಮಂಗಳವಾರದ ಪುಟ ಹೀಗಿತ್ತು: ‘ಬೆಳಗ್ಗೆ 8.10 ಸ, ಬಾಗಿಲಲ್ಲಿ ನಿಂತು ಪಂಪ್ ರಿಪೇರಿಯ ಫೋನ್, 12 ನಿಮಿಷ. 11.40 ಸ, ಕಚೇರಿಯ ಮೆಟ್ಟಿಲಲ್ಲಿ ಅದೇ ಫೋನ್, 9 ನಿಮಿಷ. 1.20 ಸ, ಊಟದ ನಡುವೆ ಗುಂಪಿನ ಸಂದೇಶಗಳು, 15 ನಿಮಿಷ. 7.30 ಸ, ಖಜಾಂಚಿಯವರ ಮನೆ, ರಸೀದಿ ಪುಸ್ತಕ, 50 ನಿಮಿಷ. 10.15 ಸ, ನಾಳೆಯ ಸೂಚನೆ ಟೈಪ್, 25 ನಿಮಿಷ. ಕ, ಇಲ್ಲ.’ ಆ ದಿನ ಸಂಘದ ಸಭೆಯೇ ಇರಲಿಲ್ಲ. ಆದರೂ 111 ನಿಮಿಷ ಹೋಗಿತ್ತು. ಆ ದಿನ ಯಾರಾದರೂ ಕೇಳಿದ್ದರೆ ‘ಇವತ್ತು ಸಂಘದ ಕೆಲಸವೇನೂ ಇರಲಿಲ್ಲ’ ಎಂದೇ ಹೇಳುತ್ತಿದ್ದೆ.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪೆಂದರೆ ಸಭೆಯ ಹೊತ್ತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಅದರ ಹಿಂದಿನ ಮತ್ತು ಮುಂದಿನ ಬಾಲವನ್ನು ಬಿಡುವುದು. ಒಂದೂವರೆ ಗಂಟೆಯ ಸಭೆಗೆ ಕಾರ್ಯಸೂಚಿ ಸಿದ್ಧಪಡಿಸುವುದು, ನಾಲ್ಕು ಮಂದಿಗೆ ನೆನಪಿಸುವುದು, ಕುರ್ಚಿ ಹಾಕಿಸುವುದು, ಮುಗಿದ ಮೇಲೆ ಗೇಟಿನ ಬಳಿ ನಿಂತು ಮಾತಾಡುವುದು, ನಡಾವಳಿ ಬರೆಯುವುದು ಎಲ್ಲ ಸೇರಿದರೆ ನಾಲ್ಕು ಗಂಟೆ ದಾಟುವುದು ಅಪರೂಪವೇನಲ್ಲ. ಒಂದು ಕೆಲಸಕ್ಕೆ ತಗಲುವ ಸಮಯವನ್ನು ಮನುಷ್ಯರು ವಾಸ್ತವಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ 1979ರಷ್ಟು ಹಿಂದೆಯೇ ವಿವರಿಸಿದ್ದರು. ಹಿಂದೆ ಇಂತಹ ಕೆಲಸಕ್ಕೆ ನಿಜವಾಗಿ ಎಷ್ಟು ಹಿಡಿದಿತ್ತು ಎಂದು ನೋಡುವುದೇ ಅದಕ್ಕೆ ಅವರು ಹೇಳಿದ ಪರಿಹಾರ, ಮತ್ತು ನಿಮ್ಮ ಎರಡು ವಾರದ ಪುಟಗಳು ಕೊಡುವುದೂ ಅದನ್ನೇ.

ಹಂತ 2: 168 ಗಂಟೆಗಳಿಂದ ಕಳೆಯುತ್ತಾ ಬನ್ನಿ

ವಾರಕ್ಕೆ 168 ಗಂಟೆ. ಕಳೆಯುವಾಗ ನಿದ್ದೆಯನ್ನೇ ಮೊದಲು ಕಳೆಯಿರಿ, ಉಳಿದಿದ್ದರಲ್ಲಿ ನಿದ್ದೆ ಮಾಡುತ್ತೇನೆ ಎನ್ನಬೇಡಿ. ವಯಸ್ಕರಿಗೆ ದಿನಕ್ಕೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ವೈದ್ಯಕೀಯ ತಜ್ಞರ ಸಂಸ್ಥೆಗಳು 2015ರಲ್ಲಿ ಕೊಟ್ಟ ಶಿಫಾರಸು. ಮಲಗಿ ನಿದ್ದೆ ಹತ್ತುವವರೆಗಿನ ಹೊತ್ತೂ ಸೇರಿ ಹಾಸಿಗೆಗೆ ಎಂಟು ಗಂಟೆ ಇಟ್ಟುಕೊಂಡರೆ 56 ಹೋಗಿ 112 ಉಳಿಯುತ್ತದೆ. ಉದ್ಯೋಗಕ್ಕೆ 45, ಹೋಗಿಬರುವುದಕ್ಕೆ 7 ಎಂದರೆ 60 ಉಳಿಯುತ್ತದೆ. ಸ್ನಾನ, ಅಡುಗೆ, ಊಟ, ಮನೆಯ ಓಡಾಟಕ್ಕೆ ದಿನಕ್ಕೆ ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಎಂದು 25 ತೆಗೆದರೆ 35. ಮನೆಯವರ ಜೊತೆಗೆ ದಿನಕ್ಕೆ ಎರಡು ಗಂಟೆಯೆಂದರೆ 14 ಹೋಗಿ 21. ಅದರಲ್ಲಿ ಮೂರನೆಯ ಒಂದು ಭಾಗವನ್ನು ಜ್ವರ, ನೆಂಟರು, ಕೆಟ್ಟುಹೋದ ವಾಹನ ಇಂತಹವಕ್ಕೆ ಖಾಲಿ ಬಿಡಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು 14 ಗಂಟೆ, ಅದೂ ಸಂಘ ಮತ್ತು ಕಲಿಕೆ ಎರಡಕ್ಕೂ ಸೇರಿ.

ನಿಮ್ಮ ಅಂಕಿಗಳು ಬೇರೆ ಇರಬಹುದು. ಸಣ್ಣ ಮಕ್ಕಳಿರುವ ಅಥವಾ ಹಿರಿಯರ ಆರೈಕೆ ಇರುವ ಮನೆಯಲ್ಲಿ ಈ ಸಂಖ್ಯೆ ಆರಕ್ಕೋ ಐದಕ್ಕೋ ಇಳಿಯುತ್ತದೆ, ಮತ್ತು ಆಗ ಅಷ್ಟನ್ನೇ ಸತ್ಯವೆಂದು ಒಪ್ಪಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹಣದ ವಿಷಯದಲ್ಲಿ ಪಾಲಿಸುವವರೂ ಗಂಟೆಗಳ ವಿಷಯದಲ್ಲಿ ಮರೆಯುತ್ತಾರೆ. ಲೆಕ್ಕ ಸರಿಹೊಂದದಿದ್ದಾಗ ನಿದ್ದೆಯಿಂದಲೋ ಖಾಲಿ ಬಿಟ್ಟ ಏಳು ಗಂಟೆಯಿಂದಲೋ ತೆಗೆದು ತುಂಬಬೇಡಿ.

ಉದ್ಯೋಗದ ಅಂಕಿಯೇ 55 ಅಥವಾ ಅದಕ್ಕಿಂತ ಮೇಲಿದ್ದರೆ ಇಲ್ಲಿಯೇ ನಿಂತು ಯೋಚಿಸಬೇಕು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜಿಸಿವೆ. ಅಷ್ಟು ದುಡಿಯುತ್ತಾ ಪದಾಧಿಕಾರಿಯಾಗುವ ಬದಲು, ಆ ಅವಧಿ ಕಳೆಯುವವರೆಗೆ ಸಾಮಾನ್ಯ ಸದಸ್ಯರಾಗಿ ಉಳಿಯುವುದು ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಂತ 3: ಕಲಿಕೆಗೆ ಮೊದಲು ಜಾಗ ಮಾಡಿ

ಇದನ್ನು ಸಂಘದ ಹೊಣೆಗಿಂತ ಮೊದಲು ಇಡುವುದು ಹಲವರಿಗೆ ಸ್ವಾರ್ಥವೆಂದು ತೋರುತ್ತದೆ. ಆದರೆ ತಡವಾಗಿ ಇಟ್ಟ ಕಲಿಕೆಗೆ ಜಾಗ ಸಿಕ್ಕಿದ್ದನ್ನು ನಾನು ನೋಡಿಲ್ಲ. ಮೇಲಿನ 14 ಗಂಟೆಗಳಲ್ಲಿ ಮೂರರಿಂದ ನಾಲ್ಕು ಗಂಟೆಯನ್ನು ತೆಗೆದು ಬೇರೆ ಇಡಿ.

ಮೊದಲು ವಿಷಯ ಒಂದನ್ನೇ ಆರಿಸಿ. ಭಾಷೆ, ವ್ಯಾಯಾಮ, ವೃತ್ತಿ ಪರೀಕ್ಷೆ, ಸಂಗೀತ ಎಂದು ನಾಲ್ಕನ್ನು ಹಿಡಿದವರು ನಾಲ್ಕನ್ನೂ ಬಿಡುತ್ತಾರೆ. ಆರಿಸಿದ್ದನ್ನು ಮೂರು ತಿಂಗಳ ಕೊನೆಗೆ ಬೇರೆಯವರು ನೋಡಿ ಪರೀಕ್ಷಿಸಬಹುದಾದ ರೂಪದಲ್ಲಿ ಬರೆಯಿರಿ. ‘ಲೆಕ್ಕಪತ್ರ ಕಲಿಯಬೇಕು’ ಎಂದು ಬರೆದರೆ ಸಾಲದು. ‘ಒಂದು ವರ್ಷದ ಆದಾಯ ವೆಚ್ಚದ ಪಟ್ಟಿಯನ್ನು ಯಾರ ನೆರವೂ ಇಲ್ಲದೆ ತಯಾರಿಸುವುದು’ ಎಂದು ಬರೆದರೆ ಆಯಿತೋ ಇಲ್ಲವೋ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆಮೇಲೆ ಅದನ್ನು ದಿನದ ಯಾವುದಾದರೂ ಖಚಿತ ಘಟನೆಗೆ ಕಟ್ಟಿ. ‘ಬಿಡುವಾದಾಗ ಓದುತ್ತೇನೆ’ ಎಂಬುದರ ಬದಲು ‘ಸೋಮ, ಬುಧ, ಶುಕ್ರ ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಕಿಟಕಿಯ ಪಕ್ಕದ ಮೇಜಿನಲ್ಲಿ 45 ನಿಮಿಷ’ ಎಂದು ಹೊತ್ತು ಮತ್ತು ಜಾಗ ಎರಡನ್ನೂ ಹೆಸರಿಸಿ. ಹೀಗೆ ಎಲ್ಲಿ, ಯಾವಾಗ ಎಂದು ಮುಂಚಿತವಾಗಿ ನಿಶ್ಚಯಿಸಿದ ಕೆಲಸಗಳು ಬರಿಯ ಸಂಕಲ್ಪಗಳಿಗಿಂತ ಹೆಚ್ಚಾಗಿ ನೆರವೇರುತ್ತವೆ ಎಂಬುದನ್ನು ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಗಳು ತೋರಿಸಿವೆ. ಫೋನ್ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ಸಂಜೆಯ ಹೊತ್ತನ್ನು ಕಲಿಕೆಗೆ ಇಡದಿರುವುದು ಒಳ್ಳೆಯದು, ಏಕೆಂದರೆ ಸಂಘದ ಸದಸ್ಯರಿಗೆ ಬಿಡುವಾಗುವುದೂ ನಿಮ್ಮನ್ನು ಹುಡುಕಿಕೊಂಡು ಬರುವುದೂ ಸಂಜೆಯೇ.

ಕೆಟ್ಟ ದಿನಗಳಿಗಾಗಿ ಒಂದು ಚಿಕ್ಕ ರೂಪವನ್ನೂ ಮೊದಲೇ ಬರೆದಿಟ್ಟುಕೊಳ್ಳಿ: ಹತ್ತು ನಿಮಿಷ, ಎರಡು ಪುಟ, ಒಂದು ಲೆಕ್ಕ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನೇ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಹಿಡಿದಿತ್ತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೂ ಬದಲಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿ ಆಗಿರಲಿಲ್ಲ. ಹಾಗಾಗಿ ಮೂರನೆಯ ವಾರ ಕಷ್ಟವೆನಿಸಿದ್ದಕ್ಕೆ ಇದು ತಮ್ಮಿಂದಾಗದ ಕೆಲಸವೆಂದು ತೀರ್ಮಾನಿಸುವುದು ಬಹಳ ಬೇಗ.

ಹಂತ 4: ಹೊಣೆಯನ್ನು ಅಳೆದು ನೋಡಿ ಒಪ್ಪಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಜನ ಬಿದ್ದಿರುವ ಜಾಗ ಇದು. ನಾನು ನಿವಾಸಿಗಳ ಸಂಘವೊಂದರ ಕಾರ್ಯದರ್ಶಿಯಾದದ್ದು ಮೆಟ್ಟಿಲಿನ ಮೇಲೆ ನಡೆದ ಎರಡು ನಿಮಿಷದ ಮಾತಿನಿಂದ. ‘ತಿಂಗಳಿಗೊಂದು ಸಭೆ ಅಷ್ಟೇ ಸಾರ್, ನೀವು ಹೆಸರಿಗೆ ಇದ್ದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದರು, ನಾನು ಆಗಲಿ ಎಂದೆ. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಸಭೆ ಮಾತ್ರ. ವಾರ್ಷಿಕ ಮಹಾಸಭೆಯ ವಾರ ನನ್ನ ಕಚೇರಿಯ ಲೆಕ್ಕ ಮುಗಿಸುವ ವಾರವೂ ಆಗಿತ್ತು. ಆ ಏಳು ದಿನಗಳಲ್ಲಿ ಸಂಘಕ್ಕೆ 23 ಗಂಟೆ ಕೊಟ್ಟೆ, ಶುಲ್ಕ ಕಟ್ಟಿದ್ದ ಪರೀಕ್ಷೆಯೊಂದಕ್ಕೆ ಹೋಗಲಾಗಲಿಲ್ಲ, ಮಹಾಸಭೆಯ ನಡಾವಳಿಯಲ್ಲಿ ಎರಡು ನಿರ್ಣಯಗಳನ್ನು ಬರೆಯಲು ಮರೆತೆ. ಆ ಎರಡು ನಿರ್ಣಯಗಳ ಕುರಿತ ವಾದ ಮುಂದೆ ಐದು ತಿಂಗಳು ನಡೆಯಿತು.

ಆದ್ದರಿಂದ ಯಾವುದೇ ಹುದ್ದೆಗೆ ಸ್ಥಳದಲ್ಲೇ ಒಪ್ಪಿಗೆ ಕೊಡಬೇಡಿ. ‘ನಿಮ್ಮ ವಿಶ್ವಾಸಕ್ಕೆ ಋಣಿ, ಆದರೆ ಭಾನುವಾರದವರೆಗೆ ಸಮಯ ಕೊಡಿ, ಹಿಂದಿನವರ ಬಳಿ ಮಾತಾಡಿ ಹೇಳುತ್ತೇನೆ’ ಎಂದರೆ ಯಾರೂ ಬೇಸರಪಡುವುದಿಲ್ಲ. ನಂತರ ಆ ಹುದ್ದೆಯಲ್ಲಿ ಹಿಂದೆ ಇದ್ದವರನ್ನು, ಸಾಧ್ಯವಾದರೆ ಅವರ ಮನೆಯವರನ್ನೂ, ಕಂಡು ಕೇಳಿ. ಕೇಳಬೇಕಾದ್ದು ಸಾಮಾನ್ಯ ತಿಂಗಳಿನ ಬಗ್ಗೆ ಅಲ್ಲ, ಅತ್ಯಂತ ಭಾರದ ತಿಂಗಳಿನ ಬಗ್ಗೆ. ಆ ತಿಂಗಳು ಯಾವುದು? ಆಗ ವಾರಕ್ಕೆ ಎಷ್ಟು ಗಂಟೆ ಹಿಡಿಯಿತು? ರಾತ್ರಿ ಒಂಬತ್ತರ ಮೇಲೆ ಬರುವ ಫೋನ್‌ಗಳು ಯಾವುದಕ್ಕಾಗಿ? ಹಣದ ವ್ಯವಹಾರದಲ್ಲಿ ನಿಮ್ಮ ಸಹಿ ಇರುತ್ತದೆಯೇ? ಇತ್ಯರ್ಥವಾಗದೆ ಉಳಿದ ಜಗಳ ಯಾವುದಾದರೂ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಅವರು ತಡವರಿಸಿದರೆ ಹಳೆಯ ನಡಾವಳಿ ಪುಸ್ತಕವನ್ನೇ ತರಿಸಿ ಓದಿ.

ಭಾರದ ತಿಂಗಳಿನ ಗಂಟೆಗಳು ನಿಮ್ಮಲ್ಲಿ ಉಳಿದ ಗಂಟೆಗಳೊಳಗೆ ಹಿಡಿಸಿದರೆ ಮಾತ್ರ ಮುಂದುವರಿಯಿರಿ. ಹಿಡಿಸದಿದ್ದರೆ ಹುದ್ದೆಯನ್ನು ಚಿಕ್ಕದು ಮಾಡಿ ಒಪ್ಪಿಕೊಳ್ಳಲು ದಾರಿಯಿದೆ. ಕಾರ್ಯದರ್ಶಿಯಾಗುವ ಬದಲು ಒಂದು ನಿರ್ದಿಷ್ಟ ಕೆಲಸದ ಉಪಸಮಿತಿಯನ್ನು ನಾಲ್ಕು ತಿಂಗಳು ಮುನ್ನಡೆಸುವುದು ಅಂತಹ ಒಂದು ದಾರಿ. ಮುಂದಾಳತ್ವದ ಆಸಕ್ತಿ ಇರುವವರಿಗೆ ಇದು ಕಡಿಮೆ ಗೌರವದ ಕೆಲಸವೆನಿಸಬಹುದು, ಆದರೆ ಜನರನ್ನು ಒಟ್ಟಿಗೆ ಕರೆದೊಯ್ಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಒಪ್ಪಿಕೊಳ್ಳುವಾಗ ಮೂರು ವಿಷಯಗಳನ್ನು ಬಾಯಿಮಾತಿನಲ್ಲಿ ಬಿಡದೆ ನಡಾವಳಿಯಲ್ಲಿ ಬರೆಸಿ. ಅವಧಿ ಮುಗಿಯುವ ದಿನಾಂಕ ಒಂದು. ನಿಮ್ಮ ಜೊತೆ ಮೊದಲ ದಿನದಿಂದಲೇ ಕೆಲಸ ಮಾಡುವ ಜಂಟಿ ಪದಾಧಿಕಾರಿಯ ಹೆಸರು ಇನ್ನೊಂದು. ನೀವು ಮಾಡದ ಕೆಲಸಗಳ ಪಟ್ಟಿ ಮತ್ತೊಂದು. ಉದಾಹರಣೆಗೆ, ಬಾಕಿ ವಸೂಲಿ ಖಜಾಂಚಿಯದು, ರಿಪೇರಿಯ ಮೇಲ್ವಿಚಾರಣೆ ಸಮಿತಿಯ ಇನ್ನೊಬ್ಬ ಸದಸ್ಯರದು ಎಂದು ಸ್ಪಷ್ಟವಾಗಿರಬೇಕು. ಜೊತೆಗಾರರಿಲ್ಲದೆ ಹುದ್ದೆ ಒಪ್ಪಿಕೊಂಡರೆ ನಿಮಗೆ ಜ್ವರ ಬಂದ ದಿನ ಸಂಘವೂ ಮಲಗುತ್ತದೆ, ಮತ್ತು ಅವಧಿ ಮುಗಿದ ದಿನ ನಿಮ್ಮನ್ನು ಬಿಡುವುದೂ ಇಲ್ಲ.

ಉದ್ಯೋಗದ ಕಡೆಯನ್ನೂ ಈಗಲೇ ನೋಡಿಕೊಳ್ಳಿ. ಹೊರಗಿನ ಹುದ್ದೆಗಳಿಗೆ ಅನುಮತಿ ಬೇಕೆಂದು ಸೇವಾ ನಿಯಮಗಳಲ್ಲಿ ಇದೆಯೇ ಎಂದು ಓದಿ, ಇದ್ದರೆ ಒಪ್ಪಿಕೊಳ್ಳುವ ಮುಂಚೆಯೇ ಲಿಖಿತವಾಗಿ ಕೇಳಿ. ನಿಯಮ ಇಲ್ಲದಿದ್ದರೂ ಮೇಲಧಿಕಾರಿಗೆ ಒಂದು ಮಾತು ತಿಳಿಸಿರುವುದು ಒಳ್ಳೆಯದು. ಬೇರೆಯವರ ಬಾಯಿಂದ ಕೇಳಿದಾಗ ಅದೇ ಸುದ್ದಿ ಬೇರೆ ಬಣ್ಣ ಪಡೆಯುತ್ತದೆ. ಕಚೇರಿಯ ಇ-ಮೇಲ್, ಪ್ರಿಂಟರ್, ವಾಹನ ಯಾವುದನ್ನೂ ಸಂಘಕ್ಕೆ ಬಳಸಬೇಡಿ. ನಿಮ್ಮ ಕೈಕೆಳಗಿನ ಸಿಬ್ಬಂದಿಯಿಂದ ಸಂಘಕ್ಕೆ ದೇಣಿಗೆ ಕೇಳಲೇಬೇಡಿ, ಏಕೆಂದರೆ ಅವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಹಂತ 5: ದಿನದೊಳಗೆ ಗೆರೆ ಎಳೆಯಿರಿ

ಸಂಘದ ಫೋನ್‌ಗಳಿಗೆ ದಿನದಲ್ಲಿ ಒಂದು ಹೊತ್ತು ಇಟ್ಟು ಅದನ್ನು ಮೊದಲ ಸಭೆಯಲ್ಲೇ ಹೇಳಿ: ‘ಸಂಜೆ ಏಳರಿಂದ ಏಳೂವರೆ ನಾನು ಫೋನ್ ತೆಗೆಯುತ್ತೇನೆ, ಉಳಿದ ಹೊತ್ತು ಸಂದೇಶ ಹಾಕಿ.’ ತುರ್ತು ಎಂದರೆ ಯಾವುದು ಎಂಬುದನ್ನೂ ಪಟ್ಟಿ ಮಾಡಿ ಗುಂಪಿನಲ್ಲಿ ಹಾಕಿ. ಬೆಂಕಿ, ಅಪಘಾತ, ನೀರು ಅಥವಾ ವಿದ್ಯುತ್ ಪೂರ್ತಿ ನಿಂತುಹೋಗಿರುವುದು ತುರ್ತು. ವಾಹನ ನಿಲ್ಲಿಸುವ ಜಾಗದ ತಕರಾರು ತುರ್ತಲ್ಲ. ಮೊದಲ ಎರಡು ವಾರ ಜನ ಗೊಣಗಬಹುದು, ಮೂರನೆಯ ವಾರಕ್ಕೆ ಏಳು ಗಂಟೆಗೇ ಫೋನ್ ಮಾಡುತ್ತಾರೆ. ಈ ಗೆರೆ ಕೆಡುವುದು ಸಾಮಾನ್ಯವಾಗಿ ಸದಸ್ಯರಿಂದಲ್ಲ, ರಾತ್ರಿ ಹತ್ತೂವರೆಗೆ ಗುಂಪಿನಲ್ಲಿ ತಾವೇ ಉತ್ತರ ಹಾಕುವ ಪದಾಧಿಕಾರಿಯಿಂದ. ಆ ಹೊತ್ತಿನಲ್ಲಿ ಬರೆದದ್ದನ್ನು ಬೆಳಗ್ಗೆ ಕಳುಹಿಸಿ.

ಸಭೆಗೆ ಆರಂಭದ ಹೊತ್ತಿನಂತೆ ಮುಗಿಯುವ ಹೊತ್ತನ್ನೂ ಸೂಚನೆಯಲ್ಲಿ ಅಚ್ಚು ಮಾಡಿ. ಕಾರ್ಯಸೂಚಿಯಲ್ಲಿ ಐದಕ್ಕಿಂತ ಹೆಚ್ಚು ವಿಷಯ ಬೇಡ, ಹಣದ ವಿಷಯ ಮೊದಲಿಗೇ ಇರಲಿ. ನಡಾವಳಿಯನ್ನು ಮನೆಗೆ ಹೋಗಿ ಬರೆಯುವ ಬದಲು ಸಭೆಯಲ್ಲೇ ಪ್ರತಿ ನಿರ್ಣಯ ಆದ ಕೂಡಲೇ ಬರೆದು ಗಟ್ಟಿಯಾಗಿ ಓದಿ, ಅದರ ಮುಂದೆ ಮಾಡುವವರ ಹೆಸರು ಮತ್ತು ದಿನಾಂಕ ಹಾಕಿ. ನನ್ನ ಮರೆತ ಎರಡು ನಿರ್ಣಯಗಳ ನಂತರ ರೂಢಿ ಮಾಡಿಕೊಂಡ ಈ ಪದ್ಧತಿ ಪ್ರತಿ ಸಭೆಗೆ ಒಂದು ಗಂಟೆಯನ್ನಾದರೂ ಉಳಿಸಿದೆ.

ಒಂದು ಪಾತ್ರದಿಂದ ಇನ್ನೊಂದಕ್ಕೆ ದಾಟುವಾಗ ಐದು ನಿಮಿಷದ ಸೇತುವೆ ಬೇಕು. ಅರ್ಧಕ್ಕೆ ಬಿಟ್ಟ ಕೆಲಸದ ಗುಂಗು ಮುಂದಿನ ಕೆಲಸಕ್ಕೂ ಅಂಟಿಕೊಂಡು ಬಂದು ಅದನ್ನು ಕೆಡಿಸುತ್ತದೆ ಎಂದು ಸಂಶೋಧಕಿ ಸೋಫೀ ಲೆರಾಯ್ 2009ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಕಚೇರಿಯಿಂದ ಏಳುವ ಮುನ್ನ, ಮುಗಿಯದ ಕೆಲಸ ಯಾವುದು, ನಾಳೆ ಎಷ್ಟು ಹೊತ್ತಿಗೆ ಯಾವ ಹೆಜ್ಜೆಯಿಂದ ಆರಂಭ ಎಂದು ಎರಡು ಸಾಲು ಬರೆದರೆ ತಲೆ ಅದನ್ನು ಬಿಡುತ್ತದೆ. ಸಂಘದ ಕೆಲಸ ಮುಗಿಸುವಾಗಲೂ ಇದೇ ರೀತಿ ಮಾಡಿ, ಇಲ್ಲದಿದ್ದರೆ ಆ ಜಗಳ ನಿಮ್ಮ ಜೊತೆ ಊಟಕ್ಕೂ ಕೂರುತ್ತದೆ.

ಹಂತ 6: ಮೂರು ತಿಂಗಳ ಭಾರವನ್ನು ಮುಂಚೆಯೇ ಗುರುತಿಸಿ

ಕ್ಯಾಲೆಂಡರ್ ಹರಡಿ ಕಚೇರಿಯ ಭಾರದ ವಾರಗಳನ್ನು ಒಂದು ಬಣ್ಣದಲ್ಲಿ, ಸಂಘದ ಭಾರದ ವಾರಗಳನ್ನು ಇನ್ನೊಂದರಲ್ಲಿ, ಪರೀಕ್ಷೆ ಅಥವಾ ಕಲಿಕೆಯ ಗಡುವುಗಳನ್ನು ಮತ್ತೊಂದರಲ್ಲಿ ಗುರುತಿಸಿ. ಎರಡು ಬಣ್ಣ ಒಂದೇ ವಾರದ ಮೇಲೆ ಬಿದ್ದರೆ ಒಂದನ್ನು ಈಗಲೇ ಸರಿಸಬೇಕು. ಮಹಾಸಭೆಯ ದಿನಾಂಕವನ್ನು ಆರು ವಾರ ಮೊದಲು ಬದಲಿಸುವುದು ಒಂದು ಫೋನಿನ ಕೆಲಸ, ಆರು ದಿನ ಮೊದಲು ಬದಲಿಸುವುದು ದೊಡ್ಡ ರಗಳೆ. ಆದರೆ ಕೆಲವು ಸಂಘಗಳ ನಿಯಮಾವಳಿಯಲ್ಲಿ ಮಹಾಸಭೆ ಇಂತಿಷ್ಟು ಕಾಲದೊಳಗೆ ನಡೆಯಬೇಕು, ಇಂತಿಷ್ಟು ದಿನ ಮೊದಲು ಸೂಚನೆ ಹೋಗಬೇಕು ಎಂದಿರುತ್ತದೆ. ಅದನ್ನು ನೋಡಿಕೊಂಡೇ ಸರಿಸಿ.

ಮೂರೂ ಸೇರಿಬರುವ ವಾರಕ್ಕೆ ಇಳಿಸುವ ಕ್ರಮವನ್ನು ತಣ್ಣಗಿರುವಾಗಲೇ ಬರೆದಿಡಿ. ನನ್ನ ಕ್ರಮ ಇದು: ಮೊದಲು ಸಂಘದ ಮುಂದೂಡಬಹುದಾದ ಕೆಲಸಗಳು ಜಂಟಿ ಕಾರ್ಯದರ್ಶಿಗೆ ಹೋಗುತ್ತವೆ, ನಂತರ ಕಲಿಕೆ ಹತ್ತು ನಿಮಿಷದ ಚಿಕ್ಕ ರೂಪಕ್ಕೆ ಇಳಿಯುತ್ತದೆ, ನಿದ್ದೆ ಮಾತ್ರ ಇಳಿಯುವುದಿಲ್ಲ. ಪ್ರತಿ ದಿನವೂ ಮೂರೂ ಸಮತೂಕದಲ್ಲಿರಬೇಕೆಂದು ಹಟ ಹಿಡಿಯಬೇಡಿ. ಮೂರು ತಿಂಗಳ ಕೊನೆಗೆ ಮೂರೂ ಜೀವಂತವಾಗಿದ್ದರೆ ಸಾಕು.

ಹಂತ 7: ವಾರಕ್ಕೊಮ್ಮೆ 20 ನಿಮಿಷ

ವಾರದ ಒಂದು ಖಚಿತ ಹೊತ್ತಿನಲ್ಲಿ ನೋಟ್‌ಬುಕ್ ತೆರೆದು ಸಂಘಕ್ಕೆ ಹೋದ ಗಂಟೆ, ಕಲಿಕೆಗೆ ಸಿಕ್ಕ ಗಂಟೆ, ನಿದ್ದೆಯ ಗಂಟೆ ಈ ಮೂರನ್ನೇ ಕೂಡಿ ಬರೆಯಿರಿ. ಸಂಘದ ಗಂಟೆ ಒಪ್ಪಿದ ಮಿತಿಯನ್ನು ಎರಡು ವಾರ ಸತತ ದಾಟಿದರೆ ಮುಂದಿನ ಸಭೆಯಲ್ಲಿ ಒಂದು ಕೆಲಸವನ್ನು ಹೆಸರು ಹೇಳಿ ಬೇರೆಯವರಿಗೆ ವಹಿಸಿ. ವಹಿಸಿದ ಮೇಲೆ ಅವರು ನಿಮ್ಮ ರೀತಿಯಲ್ಲಿ ಮಾಡಲಿಲ್ಲವೆಂದು ಮತ್ತೆ ಕೈಗೆ ತೆಗೆದುಕೊಂಡರೆ, ಮುಂದಿನ ಬಾರಿ ಯಾರೂ ಮುಂದೆ ಬರುವುದಿಲ್ಲ.

ಅಪಾಯದ ಸೂಚನೆಗಳು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಉದ್ಯೋಗದ ಒತ್ತಡದಿಂದ ಬರುವ ಬಳಲಿಕೆಗೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋದ ಭಾವನೆ, ಕೆಲಸದ ಬಗ್ಗೆ ದೂರವಾದ ಅಥವಾ ಕಹಿಯಾದ ಮನಸ್ಸು, ಕೆಲಸದ ಪರಿಣಾಮ ಕುಗ್ಗುವುದು. ಆ ವಿವರಣೆ ಉದ್ಯೋಗಕ್ಕೆ ಸೀಮಿತವಾದದ್ದಾದರೂ ಸಂಘದ ಕೆಲಸದಲ್ಲಿಯೂ ಇವು ಮೊದಲು ಸಣ್ಣ ಸಂಗತಿಗಳಲ್ಲಿ ಕಾಣಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಪಡೆದ ಹಣದ ರಸೀದಿ ಅದೇ ದಿನ ಪುಸ್ತಕಕ್ಕೆ ಏರದೆ ಕಿಸೆಯಲ್ಲೇ ಉಳಿಯುತ್ತದೆ. ಸಭೆಯ ಕಾಗದಗಳನ್ನು ಸಭೆಗೆ ಹೋಗುವ ದಾರಿಯಲ್ಲಿ ಓದುತ್ತೀರಿ. ಸದಸ್ಯರೊಬ್ಬರ ಹೆಸರು ಫೋನಿನಲ್ಲಿ ಕಂಡರೆ ಎದೆ ಭಾರವಾಗುತ್ತದೆ. ಸಂಘದ ಫೋನ್ ಬಂದಾಗ ಮನೆಯವರಿಗೆ ಕೇಳಿಸದಂತೆ ಬಾಲ್ಕನಿಗೆ ಹೋಗುತ್ತೀರಿ.

ಇವುಗಳಲ್ಲಿ ರಸೀದಿಯ ಸೂಚನೆ ಅತ್ಯಂತ ಗಂಭೀರ. ಹಣದ ಲೆಕ್ಕ ಹಿಂದೆ ಬಿದ್ದರೆ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ, ಮತ್ತು ಅದು ಮತ್ತೆ ತೊಳೆದುಹೋಗುವುದಿಲ್ಲ. ಈ ಸೂಚನೆ ಕಂಡ 48 ಗಂಟೆಯೊಳಗೆ ಖಜಾಂಚಿ ಮತ್ತು ಇನ್ನೊಬ್ಬ ಸದಸ್ಯರನ್ನು ಕೂರಿಸಿಕೊಂಡು ಲೆಕ್ಕವನ್ನು ಇವತ್ತಿನ ದಿನಾಂಕಕ್ಕೆ ತನ್ನಿ, ಅದಾಗುವವರೆಗೆ ಹೊಸ ಕೆಲಸ ಯಾವುದನ್ನೂ ಆರಂಭಿಸಬೇಡಿ. ನಿದ್ದೆ ಬಾರದಿರುವುದು, ಹಿಂದೆ ಹಿತವೆನಿಸುತ್ತಿದ್ದದ್ದೂ ಬೇಡವಾಗುವುದು ಎರಡು ವಾರ ಮೀರಿ ಮುಂದುವರಿದರೆ ವೇಳಾಪಟ್ಟಿ ತಿದ್ದುತ್ತಾ ಕೂರದೆ ವೈದ್ಯರನ್ನು ಕಾಣಿ.

ಹಂತ 8: ಬಿಡುವುದನ್ನು ಮೂರು ತಿಂಗಳು ಮೊದಲೇ ಆರಂಭಿಸಿ

ಅವಧಿ ಮುಗಿಯುವ ದಿನ ಕೀಲಿಕೈ ಕೊಟ್ಟು ಬರುವುದರಿಂದ ಹೊಣೆ ದಾಟುವುದಿಲ್ಲ. ಮೂರು ತಿಂಗಳಿರುವಾಗ ಜಂಟಿ ಪದಾಧಿಕಾರಿ ಸಭೆ ನಡೆಸಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿದರೆ ಮಾತ್ರ ಉತ್ತರಿಸಿ. ಎರಡು ತಿಂಗಳಿರುವಾಗ ಸದಸ್ಯರ ಫೋನ್ ಅವರಿಗೆ ಹೋಗಲಿ. ಕೊನೆಯ ತಿಂಗಳಲ್ಲಿ ಒಂದು ಕಡತ ಸಿದ್ಧಪಡಿಸಿ: ನಡಾವಳಿ ಪುಸ್ತಕ, ಲೆಕ್ಕಪುಸ್ತಕ ಮತ್ತು ವೋಚರ್‌ಗಳು, ನಡೆಯುತ್ತಿರುವ ಗುತ್ತಿಗೆಗಳು ಮತ್ತು ಅವು ಮುಗಿಯುವ ದಿನಾಂಕಗಳು, ಬಾಕಿ ಇರುವವರ ಪಟ್ಟಿ, ಪಾಸ್‌ವರ್ಡ್‌ಗಳು, ಮತ್ತು ವರ್ಷದ ಯಾವ ತಿಂಗಳಲ್ಲಿ ಯಾವ ಕೆಲಸ ಬರುತ್ತದೆ ಎಂಬ ಒಂದು ಪುಟ. ಆ ಒಂದು ಪುಟದಲ್ಲಿ ನಿಮ್ಮ ನೋಟ್‌ಬುಕ್ಕಿನ ನಿಜವಾದ ಗಂಟೆಗಳನ್ನೂ ಬರೆಯಿರಿ, ಮುಂದಿನವರು ‘ತಿಂಗಳಿಗೊಂದು ಸಭೆ’ ಎಂಬ ಮಾತನ್ನು ನಂಬಿ ಬರುವುದು ಬೇಡ. ಕಡತದ ಪಟ್ಟಿಗೆ ಇಬ್ಬರೂ ಸಹಿ ಹಾಕಿ ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿ. ಬ್ಯಾಂಕ್ ಖಾತೆಯಲ್ಲಿ ಸಹಿದಾರರ ಹೆಸರು ಬದಲಾಗಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಮುಗಿಯಿತೆಂದು ತಿಳಿಯಿರಿ, ಮತ್ತು ಗುಂಪಿನ ಅಡ್ಮಿನ್ ಹಕ್ಕನ್ನೂ ಅದೇ ದಿನ ಬಿಟ್ಟುಕೊಡಿ.

ಬಿಡುಗಡೆಯಾದ ಗಂಟೆಗಳನ್ನು ಅದೇ ವಾರ ನೋಟ್‌ಬುಕ್ಕಿನಲ್ಲಿ ಬರೆದು, ಅದರಲ್ಲಿ ಅರ್ಧವನ್ನು ಕಲಿಕೆಗೂ ಮನೆಗೂ ಹೆಸರಿಸಿಬಿಡಿ. ಉಳಿದ ಅರ್ಧ ಖಾಲಿ ಇರಲಿ. ಖಾಲಿ ಕಂಡ ಕೂಡಲೇ ಇನ್ನೊಂದು ಸಮಿತಿಯವರು ಬಂದು ಬಾಗಿಲು ತಟ್ಟುತ್ತಾರೆ. ಅವರಿಗೆ ಎಂಟು ವಾರ ಕಾಯಲು ಹೇಳಿ, ಆ ಎಂಟು ವಾರದಲ್ಲಿ ಕೊನೆಯ ಎರಡನ್ನು ಮತ್ತೆ ಒಂದನೆಯ ಹಂತದಂತೆ ಬರೆದಿಡಲು ಬಳಸಿ.